ದುಬೈ ಎಷ್ಟು ದೂರ?

ನಮ್ಮ ಹೆಬಳೆಯಲ್ಲಿ ಯಾರನ್ನಾದರೂ ದುಬೈ ಎಷ್ಟು ದೂರವೆಂದು ಕೇಳಿದರೆ, “ನಾಲ್ಕು ತಾಸು” ಎಂಬ ಉತ್ತರ ಥಟ್ಟನೆ ಬರುತ್ತದೆ. ಜಿಲ್ಲೆಯ ಮುಖ್ಯ ಪಟ್ಟಣವಾದ ಕಾರವಾರ ಎಷ್ಟು ದೂರವೆಂದರೆ ಮಾತ್ರ ಜನ ಯೋಚಿಸುತ್ತಾರೆ! ಈ ನಾಲ್ಕು ತಾಸಿನ ಲೆಕ್ಕವೇ ತಪ್ಪೆಂಬುದು ನನ್ನ ವಾದ. ವಾಚಕ ಮಿತ್ರರು ಸ್ವಲ್ಪ ತಾಳ್ಮೆ ವಹಿಸಬೇಕು.

ವಿಜಯನಗರದ ಕಾಲದಲ್ಲಿ ಅರಬ್ಬೀ ಕುದುರೆಗಳು ಭಟ್ಕಳದ ಬಂದರಿಗೆ ಬಂದು ಇಳಿಯುತ್ತಿದ್ದವು. ಆಗ ದೂರವನ್ನು ಅಳೆಯುತ್ತಿದ್ದುದು ಗಾಳಿ. ಅನುಕೂಲದ ಗಾಳಿ ಬೀಸುವ ತನಕ ಹಡಗಿನವರು ಕಾದು ಕೂರಬೇಕಿತ್ತು. ಈಗ ಮಂಗಳೂರಿನಿಂದ ದುಬೈಗೆ ಆಕಾಶಮಾರ್ಗ ಸುಮಾರು 2,450 ಕಿ.ಮೀ. 2006ರಲ್ಲಿ ಅಲ್ಲಿಂದ ನೇರ ವಿಮಾನ ಆರಂಭವಾಯಿತು. ಅದಕ್ಕೆ ಮೊದಲು ಹೋದವರು ಮುಂಬಯಿ ಸುತ್ತಿಯೇ ಹೋದವರು.

ಆದರೆ ಹೆಬಳೆಯಲ್ಲಿ ವಿಮಾನವಿಲ್ಲವಷ್ಟೆ. ಬಜಪೆಗೆ ಸುಮಾರು 140 ಕಿ.ಮೀ. ರಸ್ತೆ, ಮೂರು ತಾಸು. ಅಲ್ಲಿ ಮೂರು ತಾಸು ಮುಂಚಿತವಾಗಿ ಹಾಜರಿರಬೇಕು. ಇಳಿದ ಮೇಲೆ ತಪಾಸಣೆ, ಪೆಟ್ಟಿಗೆ, ಕೋಣೆ ಸೇರುವುದು ಎಂದು ಇನ್ನೆರಡು ತಾಸು. ಒಟ್ಟು ಹನ್ನೆರಡು ತಾಸಿನಲ್ಲಿ ಆಕಾಶದ ಪಾಲು ಮೂರರಲ್ಲೊಂದು. ಆ ಪಾಲು ಇನ್ನು ಕಡಿಮೆಯಾಗುವ ಲಕ್ಷಣವೂ ಇಲ್ಲ. 1960ರ ಜೆಟ್ ವಿಮಾನಕ್ಕಿಂತ ಇಂದಿನದು ವೇಗವಾಗಿಯೇನೂ ಹಾರುವುದಿಲ್ಲ. ಶಬ್ದವನ್ನು ಮೀರಿಸಿದ ಕಾಂಕಾರ್ಡ್ 2003ರಲ್ಲಿಯೇ ನಿಂತುಹೋಯಿತು. ಅಂಕೋಲೆಯ ಅಲಗೇರಿಯಲ್ಲಿ ನಾಗರಿಕ ವಿಮಾನ ನಿಲ್ದಾಣವಾದರೂ ನಮಗೆ ಅದು ಸುಮಾರು 90 ಕಿ.ಮೀ. ದೂರ. ಬಹಳ ಹಿಗ್ಗುವುದು ಬೇಡ.

ನಮ್ಮಮ್ಮನ ಲೆಕ್ಕವೇ ಬೇರೆ. ಅಣ್ಣ ರಾತ್ರಿ ಹತ್ತಕ್ಕೆ ಹತ್ತಿದರೆ ಅಲ್ಲಿಯ ಗಡಿಯಾರದಲ್ಲಿ ಹನ್ನೆರಡೂವರೆಗೆ ಇಳಿಯುತ್ತಾನೆ. ಬರುವಾಗ ಒಂದಕ್ಕೆ ಹತ್ತಿದವನು ಇಲ್ಲಿಯ ಆರಕ್ಕೆ ಇಳಿಯುತ್ತಾನೆ. “ಹೋಗೂಕೆ ಎರಡೂವರೆ, ಬರೂಕೆ ಐದು!” ಎನ್ನುತ್ತಾಳೆ. ನಮ್ಮ ಗಡಿಯಾರ ಒಂದೂವರೆ ತಾಸು ಮುಂದಿದೆ, ಪಡುಗಾಳಿಯ ಬಲದಿಂದ ಬರುವ ವಿಮಾನವೇ ಬೇಗ ಎಂದು ಭೂಗೋಳದ ಪಾಠ ಹೇಳಿ ನೋಡಿದೆ. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಆದರೂ ನನ್ನ ಪಾಠ ನಡೆಯಲಿಲ್ಲ.

ಅಜ್ಜ ತೀರಿಕೊಂಡ ದಿನ ಅಮ್ಮನ ಲೆಕ್ಕವೇ ನಿಜಕ್ಕೆ ಹತ್ತಿರವೆನಿಸಿತು. ಬೆಳಗಿನ ಜಾವ ಫೋನು ಹೋಯಿತು. ನಾಲ್ಕು ತಾಸಿನ ಹಾದಿ, ಸಂಜೆಯ ತನಕ ಕಾಯೋಣ ಎಂದರು ಹಿರಿಯರು. ವಿಮಾನವಿತ್ತು, ಟಿಕೆಟಿಗೆ ಹಣವೂ ಇತ್ತು. ಪಾಸ್‌ಪೋರ್ಟು ಮಾತ್ರ ಮಾಲೀಕನ ಕಪಾಟಿನಲ್ಲಿತ್ತು, ಮಾಲೀಕ ಊರಲ್ಲಿರಲಿಲ್ಲ. ಮಳೆ ಬಿಡಲಿಲ್ಲ. ಸಂಜೆ ಚಿತೆಗೆ ನಾನೇ ಕೈಕೊಟ್ಟೆ. ಅಣ್ಣ ಬಂದುದು ಮೂರನೆಯ ದಿನ; ಬಂದವನು ಚಪ್ಪಲಿಯನ್ನೂ ಬಿಡದೆ ಅಜ್ಜನ ಮಂಚದ ಬಳಿ ನಿಂತುಬಿಟ್ಟ.

ಪಾಸ್‌ಪೋರ್ಟನ್ನು ಮಾಲೀಕ ಇಟ್ಟುಕೊಳ್ಳಕೂಡದೆಂದು ಅಲ್ಲಿಯ 2021ರ ಕಾರ್ಮಿಕ ಕಾಯಿದೆಯೇ ಹೇಳುತ್ತದೆ. ಅಣ್ಣನಿಗೆ ಅದು ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ನಮ್ಮ ತರಗತಿಯಿಂದಲೂ ಪರೀಕ್ಷೆ ಮುಗಿದೊಡನೆ ಹೊರಡುವವರಿದ್ದಾರೆ. ಸಂಬಳವೆಷ್ಟೆಂದು ಎಲ್ಲರೂ ಕೇಳಿಕೊಂಡಿದ್ದಾರೆ. ತುರ್ತು ರಜೆಗೆ ಯಾರ ಸಹಿ ಬೇಕು, ಪಾಸ್‌ಪೋರ್ಟು ಯಾರ ಬಳಿ ಎಂದು ಕೇಳಿದವರನ್ನು ನಾನು ಕಾಣೆ. ಸಹಿ ಹಾಕುವ ಮೊದಲು ಅದನ್ನು ಕೇಳಿರಿ.

ಅಮ್ಮ ಮೊದಲೆಲ್ಲ ಫೋನಿನಲ್ಲಿ ಊಟವಾಯಿತೇ ಎಂದು ಕೇಳುತ್ತಿದ್ದಳು. ಈಗ ಮೊದಲು ಕೇಳುವುದು, “ಪಾಸ್‌ಪೋರ್ಟು ನಿನ್ನ ಹತ್ರವೇ ಅದೆಯಾ?” ಎಂದು.