ಸಾರು ಕುದಿಯುತ್ತದೆ, ಸೌತೆಕಾಯಿ ಕುದಿಯುವುದಿಲ್ಲ

ಭಾನುವಾರ ಕೋಳಿಸಾರು ಉಂಡು ಸೋಮವಾರ ಹೊಟ್ಟೆ ಕೆಟ್ಟರೆ ಬೈಗುಳ ಬೀಳುವುದು ಕೋಳಿಗೆ, ಇಲ್ಲವೇ ಅಂಗಡಿಯವನಿಗೆ. ಪಕ್ಕದಲ್ಲಿ ಹೆಚ್ಚಿಟ್ಟಿದ್ದ ಸೌತೆಕಾಯಿ, ಈರುಳ್ಳಿಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ನನಗೆ ಮೊದಲು ಬರುವುದೇ ಅವುಗಳ ಮೇಲೆ.

ಹಸಿ ಕೋಳಿಯಲ್ಲಿ ಬ್ಯಾಕ್ಟೀರಿಯಾ ಇದ್ದೇ ಇದೆ ಅಂತ ಇಟ್ಟುಕೊಂಡೇ ಲೆಕ್ಕ ಶುರು ಮಾಡಬೇಕು. ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ 2014-15ರಲ್ಲಿ ಅಂಗಡಿಗಳ ತಾಜಾ ಕೋಳಿಯನ್ನು ವರ್ಷವಿಡೀ ಪರೀಕ್ಷಿಸಿದಾಗ ಶೇ 73ರಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಸಿಕ್ಕಿತ್ತು. ಹಾಗಂತ ಕೋಳಿ ತಿಂದವರಲ್ಲಿ ಮುಕ್ಕಾಲು ಪಾಲು ಜನ ಹಾಸಿಗೆ ಹಿಡಿಯಲಿಲ್ಲ. ನಡುವೆ ಒಲೆ ಇದೆಯಲ್ಲ! ಮಾಂಸದ ಒಳಗೂ 74 ಡಿಗ್ರಿ ಸೆಲ್ಸಿಯಸ್ ಬಿಸಿ ಮುಟ್ಟಿದರೆ ಕ್ಯಾಂಪಿಲೋಬ್ಯಾಕ್ಟರೂ ಸಾಲ್ಮೊನೆಲ್ಲಾವೂ ಸಾಯುತ್ತವೆ. ನಮ್ಮ ಸಾರು ಕುದಿಯುವುದು ನೂರರ ಆಸುಪಾಸಿನಲ್ಲಿ, ಅದೂ ಮೂಳೆಯಿಂದ ಮಾಂಸ ಬಿಡುವ ತನಕ. ಅನುಮಾನಪಡಬೇಕಾದದ್ದು ಹೊರಗೆ ಕೆಂಪಗೆ ಹುರಿದು, ಮೂಳೆಯ ಹತ್ತಿರ ಹಸಿ ಉಳಿಯುವ ದಪ್ಪ ತುಂಡುಗಳನ್ನು.

ಅದಕ್ಕಿಂತ ಹೆಚ್ಚಾಗಿ ಸಿಂಕನ್ನು. ಕವರು ಬಿಚ್ಚಿ ಕೋಳಿ ಸುರಿದು, ನಲ್ಲಿ ಪೂರ್ತಿ ತಿರುಗಿಸಿ, ಅರಿಶಿನ, ಉಪ್ಪು ಹಾಕಿ ತಿಕ್ಕುತ್ತೇವೆ. ತುಂಡಿಗೆ ಬಡಿದ ನೀರು ಸಣ್ಣ ಹನಿಗಳಾಗಿ ತೊಳೆದಿಟ್ಟ ತಟ್ಟೆಗೆ, ಕೊತ್ತಂಬರಿ ಕಟ್ಟಿಗೆ ಸಿಡಿಯುತ್ತದೆ. ಅದೇ ಕೈಯಲ್ಲಿ ನಲ್ಲಿ ನಿಲ್ಲಿಸುತ್ತೇವೆ. ಅದೇ ಚಾಕುವನ್ನು ಒಮ್ಮೆ ನೀರಿಗೆ ಹಿಡಿದು ಸೌತೆಕಾಯಿ ಹೆಚ್ಚುತ್ತೇವೆ. ಜ್ವರ, ಭೇದಿ ತರಲು ಕೆಲವು ನೂರು ಕ್ಯಾಂಪಿಲೋಬ್ಯಾಕ್ಟರ್ ಸಾಕು. ಅದು ತಟ್ಟೆಯಲ್ಲಿ ಬೆಳೆಯಬೇಕೆಂದೇನಿಲ್ಲ. ಸಾಲ್ಮೊನೆಲ್ಲಾದ ಜಾತಕ ಬೇರೆ: ಹೊರಗಿಟ್ಟ ಊಟದಲ್ಲಿ ಗಂಟೆಗಳಲ್ಲೇ ಸಂಸಾರ ಹೆಚ್ಚಿಸಿಕೊಳ್ಳುತ್ತದೆ. 2022ರ ಮೇ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದ ಶಾಲಾ ಬಾಲಕಿಯೊಬ್ಬಳು ತೀರಿಕೊಂಡಳು. ಅಲ್ಲಿನ ಶವರ್ಮಾ ಮಾದರಿಯಲ್ಲಿ ಸಾಲ್ಮೊನೆಲ್ಲಾ, ಶಿಗೆಲ್ಲಾ ಎರಡೂ ಪತ್ತೆಯಾದವು. ಅದಾದ ಮೇಲೆ ನಮ್ಮ ಬೀದಿಗಳಲ್ಲಿ ಶವರ್ಮಾ ಕಂಡರೆ ಹೆದರುವವರು ಹೆಚ್ಚಾದರು, ಮನೆಯ ಚಾಕುವಿಗೆ ಹೆದರುವವರು ಹೆಚ್ಚಾದಂತಿಲ್ಲ.

ಕೋಳಿ ತೊಳೆಯಲೇಬೇಡಿ ಅನ್ನುತ್ತಾರೆ ಬ್ರಿಟನ್ನಿನವರು. ಕಣ್ಣೆದುರೇ ಕತ್ತರಿಸಿ, ರಕ್ತ, ಗರಿ, ಮೂಳೆಚೂರು ಅಂಟಿದ ಹಾಗೇ ಕವರಿಗೆ ತುಂಬಿ ಕೊಡುವ ನಮ್ಮೂರಿನಲ್ಲಿ ಈ ಉಪದೇಶ ನಡೆಯದು. ನಡೆಯಬೇಕು ಅಂತ ನಾನೂ ಹಟ ಹಿಡಿಯುವುದಿಲ್ಲ. ನಲ್ಲಿ ಬಿಡದೆ, ಅಗಲ ಪಾತ್ರೆಯ ನೀರಿನಲ್ಲಿ ಮುಳುಗಿಸಿ ಮೆಲ್ಲಗೆ ಜಾಲಾಡಿ. ನೀರನ್ನು ಸಿಡಿಯದಂತೆ ಚೆಲ್ಲಿ, ಸಿಂಕು, ಮಣೆ, ಚಾಕು, ಕೈ ಎಲ್ಲಕ್ಕೂ ಸೋಪು ಹಾಕಿ. ಹಸಿಯಾಗಿ ತಿನ್ನುವುದನ್ನೆಲ್ಲ ಕವರು ಬಿಚ್ಚುವ ಮೊದಲೇ ಹೆಚ್ಚಿ ಮುಚ್ಚಿಡಿ. ಅರಿಶಿನ ಕೋಳಿಯ ವಾಸನೆ ತೆಗೆಯಲಿ, ಸಂತೋಷ. ಬ್ಯಾಕ್ಟೀರಿಯಾ ಕೊಲ್ಲುವ ಕೆಲಸವನ್ನು ಮಾತ್ರ ಅದಕ್ಕೆ ವಹಿಸಬೇಡಿ.