ತೊಂಬತ್ತೊಂಬತ್ತು ಯೆನ್



೨೦೦೯ರ ಡಿಸೆಂಬರಿನಲ್ಲಿ ಜಪಾನಿನ ಪಿಂಚಣಿ ಕಚೇರಿಯು ದಕ್ಷಿಣ ಕೊರಿಯಾದ ಕೆಲವು ವೃದ್ಧೆಯರಿಗೆ ತಲಾ ೯೯ ಯೆನ್ ಸಂದಾಯ ಮಾಡಿತು. ಅಂದಿನ ನಮ್ಮ ಲೆಕ್ಕದಲ್ಲಿ ಅದು ಸುಮಾರು ಐವತ್ತು ರೂಪಾಯಿ. ಈ ತಾಯಂದಿರು ೧೯೪೪ರಲ್ಲಿ ಹದಿಮೂರು ಹದಿನಾಲ್ಕರ ಬಾಲೆಯರು. ಶಾಲೆಗೆ ಸೇರಿಸುತ್ತೇವೆ, ಸಂಬಳವನ್ನೂ ಕೊಡುತ್ತೇವೆ ಎಂಬ ಮಾತನ್ನು ನಂಬಿ ನಗೋಯಾ ನಗರದ ಮಿತ್ಸುಬಿಷಿ ವಿಮಾನ ಕಾರ್ಖಾನೆಗೆ ಹೋದವರು. ಶಾಲೆಯೂ ಇಲ್ಲ, ಸಂಬಳವೂ ಇಲ್ಲ. ಆ ವರ್ಷ ಡಿಸೆಂಬರ್ ೭ರ ಭೂಕಂಪದಲ್ಲಿ ಅವರ ಸಂಗಾತಿಗಳಾದ ಆರು ಮಂದಿ ಬಾಲೆಯರು ಅಲ್ಲಿಯೇ ಮಡಿದರು. ಅರುವತ್ತೈದು ವರ್ಷಗಳ ತರುವಾಯ ಪಿಂಚಣಿಯ ಬಾಬ್ತು ಹಿಂದಿರುಗಿತು. ಆದರೆ ಹಳೆಯ ಅಂಕಿಯಲ್ಲಿಯೇ. ಕಚೇರಿಯ ಲೆಕ್ಕದಲ್ಲಿ ಒಂದು ಯೆನ್ನಿನ ತಪ್ಪೂ ಇದ್ದಿರಲಾರದು. ಹಾಗೆ ಲೆಕ್ಕ ಸರಿಯಿದ್ದದ್ದೇ ನಮಗೆ ಹೆಚ್ಚು ಕ್ರೂರವಾಗಿ ಕಾಣುತ್ತದೆ. ೨೦೨೨ರಲ್ಲಿ ಮತ್ತೊಬ್ಬ ವೃದ್ಧೆಗೂ ಅದೇ ೯೯ ಯೆನ್ ಬಂದಿತು.

ಕೊರಿಯಾ ದೇಶವು ೧೯೧೦ರಿಂದ ೧೯೪೫ರವರೆಗೆ ಜಪಾನಿನ ಆಳ್ವಿಕೆಯಲ್ಲಿತ್ತು. ಜಪಾನಿನ ಗಂಡಸರು ಯುದ್ಧಕ್ಕೆ ತೆರಳಿದಂತೆ ಗಣಿಗಳಿಗೂ ಕಾರ್ಖಾನೆಗಳಿಗೂ ಕೊರಿಯನ್ನರನ್ನು ಸಾಗಿಸಲಾಯಿತು. ೧೯೪೪ರಿಂದ ಅದು ಉಘಡವಾಗಿ ಕಡ್ಡಾಯ ದುಡಿಮೆಯೇ ಆಯಿತು. ಒಸಾಕಾದ ಉಕ್ಕಿನ ಕಾರ್ಖಾನೆಯು ೧೯೪೩ರಲ್ಲಿ ಎರಡು ವರ್ಷ ಕಸುಬು ಕಲಿಸುವುದಾಗಿ ಜಾಹೀರಾತು ಕೊಟ್ಟು ತರುಣರನ್ನು ಕರೆಸಿಕೊಂಡಿತು. ಕೈಗೆ ಬಂದದ್ದು ತಿಂಗಳಿಗೆ ಎರಡು ಮೂರು ಯೆನ್. ಉಳಿದದ್ದು ಅವರ ಹೆಸರಿನ ಉಳಿತಾಯ ಖಾತೆಗೆ. ಖಾತೆಯ ಪುಸ್ತಕವೂ ಮೊಹರೂ ವಸತಿಯ ಮೇಲ್ವಿಚಾರಕನ ವಶದಲ್ಲಿ. ಇದಕ್ಕೆ ನಮ್ಮಲ್ಲಿ ಬಿಟ್ಟಿ ಎಂಬ ಹಳೆಯ ಹೆಸರಿದೆ.

೧೯೬೫ರಲ್ಲಿ ಎರಡೂ ಸರಕಾರಗಳು ಒಪ್ಪಂದ ಮಾಡಿಕೊಂಡವು. ಜಪಾನ್ ೩೦ ಕೋಟಿ ಡಾಲರನ್ನು ಅನುದಾನವಾಗಿಯೂ ೨೦ ಕೋಟಿ ಡಾಲರನ್ನು ಸಾಲವಾಗಿಯೂ ಕೊಡತಕ್ಕದ್ದು. ಹಕ್ಕು ಬಾಧ್ಯತೆಗಳೆಲ್ಲ ಸಂಪೂರ್ಣವಾಗಿ, ಅಂತಿಮವಾಗಿ ತೀರಿದಂತೆ. ಆ ಹಣದಿಂದ ಪೊಹಾಂಗಿನ ಉಕ್ಕಿನ ಸ್ಥಾವರವೂ ಹೆದ್ದಾರಿಯೂ ಎದ್ದವು. ೧೯೭೫ರಿಂದ ೧೯೭೭ರವರೆಗೆ, ಸತ್ತವರ ಕುಟುಂಬಕ್ಕೆ ಮಾತ್ರ ತಲಾ ೩ ಲಕ್ಷ ವೊನ್ ಕೊಡಲಾಯಿತು. ಬದುಕಿ ಬಂದವರಿಗೆ ಆಗ ಏನೂ ಇಲ್ಲ. ನಾವು ಮಠದ ಪಾಠಶಾಲೆಯಲ್ಲಿದ್ದಾಗ ಉಗ್ರಾಣದ ಹಿರಿಯರು ಸಂಜೆ ಕೂಲಿಯನ್ನು ದುಡಿದವನ ಕೈಗೇ ಇಡುತ್ತಿದ್ದರು. ಅಣ್ಣನ ಕೂಲಿಯನ್ನು ತಮ್ಮ ಕೇಳಿದರೂ ಕೊಡುತ್ತಿರಲಿಲ್ಲ. ಕೊರಿಯಾದಲ್ಲಿ ಅಣ್ಣನ ಕೂಲಿಯನ್ನು ತಮ್ಮ ಪಡೆದು ಮನೆ ಕಟ್ಟಿಸಿದಂತಾಯಿತು. ಮನೆ ಚೆನ್ನಾಗಿಯೇ ಎದ್ದಿತು, ಅಲ್ಲವೆನ್ನಲಾಗದು.

ಸಹಿ ಹಾಕಿದ ಮಾತಿಗೆ ಬೆಲೆಯಿಲ್ಲವೆ ಎಂಬ ಜಪಾನಿನ ಪ್ರಶ್ನೆಯನ್ನು ತಳ್ಳಿಹಾಕಲು ನಮಗೆ ಮನಸ್ಸಿಲ್ಲ. ಆದರೆ ಒಪ್ಪಂದದಲ್ಲಿ ಕೈಬಿಟ್ಟದ್ದು ಪ್ರಜೆಯ ಪರವಾಗಿ ಸರಕಾರ ವಾದಿಸುವ ಅಧಿಕಾರವನ್ನೇ ಹೊರತು ವ್ಯಕ್ತಿಯ ಹಕ್ಕನ್ನಲ್ಲವೆಂದು ೧೯೯೧ರಲ್ಲಿ ಜಪಾನಿನ ಸಂಸತ್ತಿನಲ್ಲಿಯೇ ಅಲ್ಲಿನ ವಿದೇಶಾಂಗ ಇಲಾಖೆಯ ಅಧಿಕಾರಿ ನುಡಿದಿದ್ದರು. ೨೦೧೬ರಲ್ಲಿ ಮಿತ್ಸುಬಿಷಿ ಬಳಗದ ಗಣಿ ಕಂಪನಿಯು ತನ್ನಲ್ಲಿ ದುಡಿದ ಚೀನೀಯರ ಕ್ಷಮೆ ಕೋರಿ ತಲಾ ಒಂದು ಲಕ್ಷ ಯುವಾನ್ ಕೊಡಲು ಒಪ್ಪಿತು. ಕೊರಿಯನ್ನರು ಆಗ ಕಾನೂನಿನಂತೆ ಜಪಾನಿನ ಪ್ರಜೆಗಳೇ ಆಗಿದ್ದರಾದ್ದರಿಂದ ಅವರ ಮಾತು ಬೇರೆ ಎಂಬ ವಾದವುಂಟು. ಗಣಿಯ ಕತ್ತಲೆಯಲ್ಲಿ ಈ ಭೇದ ಯಾರಿಗೆ ಕಂಡೀತು?

ಒಸಾಕಾದವರು ಮೊದಲು ಜಪಾನಿನ ನ್ಯಾಯಾಲಯಗಳಲ್ಲಿ ಸೋತರು. ೨೦೦೫ರಲ್ಲಿ ಮತ್ತಿಬ್ಬರೊಡನೆ ಕೂಡಿ ಸಿಯೋಲ್‌ನಲ್ಲಿ ದಾವೆ ಹೂಡಿದರು. ೨೦೧೮ರ ಅಕ್ಟೋಬರ್ ೩೦ರಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಜಪಾನಿನ ಉಕ್ಕಿನ ಕಂಪನಿಯು ತಲಾ ೧೦ ಕೋಟಿ ವೊನ್ ತೆರಬೇಕೆಂದು ತೀರ್ಪಿತ್ತಿತು. ಅಂದು ನಾಲ್ವರಲ್ಲಿ ಉಳಿದಿದ್ದವರು ಒಬ್ಬರೇ. ಕಂಪನಿ ತೆರಲಿಲ್ಲ. ೨೦೧೯ರ ಜುಲೈನಲ್ಲಿ ಜಪಾನ್ ಕಂಪ್ಯೂಟರ್ ಚಿಪ್ಪುಗಳಿಗೆ ಬೇಕಾದ ಮೂರು ಸಾಮಗ್ರಿಗಳ ರಫ್ತನ್ನು ಬಿಗಿಗೊಳಿಸಿತು. ಕೊರಿಯನ್ನರು ಜಪಾನಿನ ಸರಕನ್ನು ಬಹಿಷ್ಕರಿಸಿದರು. ಮುದುಕರ ಕೂಲಿಯ ಮಾತು ಈ ಗದ್ದಲದಲ್ಲಿ ಹಿಂದೆ ಸರಿಯಿತು.

೨೦೨೩ರ ಮಾರ್ಚಿಯಲ್ಲಿ ಕೊರಿಯಾ ಸರಕಾರವು ತನ್ನದೇ ಪ್ರತಿಷ್ಠಾನವೊಂದರ ಮೂಲಕ ಪರಿಹಾರ ಕೊಡುವುದಾಗಿ ಸಾರಿತು. ಪೊಹಾಂಗಿನ ಉಕ್ಕಿನ ಕಂಪನಿಯು ೪೦೦ ಕೋಟಿ ವೊನ್ ನೀಡಿತು. ದುಡಿದವರ ಹೆಸರಿನಲ್ಲಿ ಬಂದ ಹಣದಿಂದ ಬೆಳೆದ ಕಂಪನಿ ಕೊಟ್ಟದ್ದು ಉಚಿತವೇ. ಆದರೂ ದುಡಿಸಿಕೊಂಡವನು ಬಾಗಿಲಿಗೆ ಬರಲಿಲ್ಲವಲ್ಲ ಎಂದು ಬದುಕಿದ್ದ ಮೂವರು ಆ ಹಣವನ್ನು ಒಲ್ಲೆವೆಂದರು. ಕೇಳಿದವರು ಅದನ್ನು ಹಟವೆಂದರು, ನಾವು ಹಾಗೆನ್ನಲಾರೆವು.

ಉಕ್ಕಿನ ಕಾರ್ಖಾನೆಯ ಆ ಕೊನೆಯ ವೃದ್ಧರ ಪಾಲಿನ ಹಣ ೨೦೨೪ರ ಅಕ್ಟೋಬರಿನಲ್ಲಿ ಸ್ವೀಕಾರವಾಯಿತು. ೨೦೨೫ರ ಜನವರಿಯಲ್ಲಿ ಅವರು ತೀರಿಕೊಂಡರು. ಜಪಾನಿನ ಕಂಪನಿಯಿಂದ ಅವರಿಗೆ ಒಂದು ಯೆನ್ನೂ ಬರಲಿಲ್ಲ.