ಬೆಲೆ ಕಾದರೆ ಸಾಲದು, ಬೀಜವನ್ನೂ ಕಾಯಬೇಕು

ಕಾಫಿಗೆ ಬಂಗಾರದ ಬೆಲೆ ಬಂದದ್ದು ಈಗ ಹಳೆಯ ಸುದ್ದಿ. 2024ರಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು. ಅದೇ ಡಿಸೆಂಬರ್‌ನಲ್ಲಿ ಅರೇಬಿಕಾ 1977ರ ದಾಖಲೆಯನ್ನು ಮುರಿಯಿತು. ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರು ಇದರಿಂದ ಕಲಿತ ಪಾಠ ಒಂದೇ: ಕಾದು ಮಾರಿದವನು ಗೆದ್ದ. ಆದರೆ 2025ರ ಮಧ್ಯಭಾಗದಲ್ಲಿ ರೊಬಸ್ಟಾ ದರ ತೀವ್ರವಾಗಿ ಕುಸಿದಾಗ ಕಾದವರೇ ಕೈ ಹಿಸುಕಿಕೊಂಡರು. ದರದ ಈ ಏರಿಳಿತದ ಚರ್ಚೆಯಲ್ಲಿ ಮರೆತುಹೋದ ಪ್ರಶ್ನೆಯೊಂದಿದೆ. ಕಾಯುವಷ್ಟು ದಿನ ಬೀಜವನ್ನು ಇಡುವುದೆಲ್ಲಿ?

ಹಿಂದೆ ಈ ಪ್ರಶ್ನೆ ಬೆಳೆಗಾರನದಾಗಿರಲಿಲ್ಲ. 1942ರ ಕಾಯ್ದೆಯಡಿ ಬೆಳೆಯೆಲ್ಲ ಕಾಫಿ ಮಂಡಳಿಯ 'ಪೂಲ್'ಗೆ ಸೇರುತ್ತಿತ್ತು. ದಾಸ್ತಾನು, ಮಾರಾಟ ಎರಡೂ ಮಂಡಳಿಯ ಹೊಣೆ. 1996ರಲ್ಲಿ ಆ ವ್ಯವಸ್ಥೆ ಸಂಪೂರ್ಣವಾಗಿ ಕೊನೆಗೊಂಡಿತು. ಮಾರುವ ಸ್ವಾತಂತ್ರ್ಯದ ಜತೆಗೆ ಕಾಪಾಡುವ ಭಾರವೂ ಬೆಳೆಗಾರನ ಹೆಗಲೇರಿತು. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟನ್ನು ಬೆಳೆಯುವ ಕರ್ನಾಟಕದಲ್ಲಿ ಬಹುಪಾಲು ಹಿಡುವಳಿಗಳು ಸಣ್ಣವು. ದೊಡ್ಡ ಎಸ್ಟೇಟುಗಳಿಗೆ ಗೋದಾಮುಗಳಿವೆ. ಸಣ್ಣ ಬೆಳೆಗಾರನಿಗೆ ಇರುವುದು ಮನೆಯ ಮೂಲೆ, ಇಲ್ಲವೇ ತಗಡಿನ ಶೆಡ್ಡು.

ಬೇಸಿಗೆಯ ಎರಡು ಅಪಾಯ

ಕಾಫಿ ಬೀಜ ಗಾಳಿಯಿಂದ ತೇವ ಹೀರುವ, ಗಾಳಿಗೆ ತೇವ ಬಿಡುವ ವಸ್ತು. ಆದ್ದರಿಂದಲೇ ಕಾಫಿ ಮಂಡಳಿ ಮಿತಿಗಳನ್ನು ಗೊತ್ತುಪಡಿಸಿದೆ: ಪಾರ್ಚ್‌ಮೆಂಟಿಗೆ ಶೇ 10, ಅರೇಬಿಕಾ ಚೆರ್ರಿಗೆ ಶೇ 12, ರೊಬಸ್ಟಾ ಚೆರ್ರಿಗೆ ಶೇ 11ರ ತೇವಾಂಶ.

ಕಾದ ತಗಡಿನಡಿ ತಿಂಗಳುಗಟ್ಟಲೆ ಇಟ್ಟ ಬೀಜ ಈ ಮಿತಿಗಿಂತ ಕೆಳಗೆ ಒಣಗುತ್ತದೆ. ಶೇ 11ರ ತೇವಾಂಶದ 50 ಕಿಲೋ ಚೆರ್ರಿ ಶೇ 9ಕ್ಕೆ ಇಳಿದರೆ, ಲೆಕ್ಕದ ಪ್ರಕಾರ ಚೀಲದಿಂದ ಒಂದು ಕಿಲೋಗಿಂತ ಹೆಚ್ಚು ತೂಕ ಮಾಯ. ಅತಿಯಾಗಿ ಒಣಗಿದ ಬೀಜ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಒಡೆಯುತ್ತದೆ, ಬಣ್ಣ ಮಾಸುತ್ತದೆ, ಪರಿಮಳ ಕುಂದುತ್ತದೆ.

ಎರಡನೆಯ ಅಪಾಯ ಇನ್ನೂ ಗಂಭೀರ. ಅರೆಬರೆ ಒಣಗಿಸಿ ಚೀಲಕ್ಕೆ ತುಂಬಿದ ಬೀಜ ಸೆಕೆಯಲ್ಲಿ ಬೆವರುತ್ತದೆ. ಹಗಲಿನ ಬಿಸಿ, ರಾತ್ರಿಯ ತಂಪಿನ ನಡುವೆ ತಗಡಿನಿಂದ ನೀರು ತೊಟ್ಟಿಕ್ಕುತ್ತದೆ. ಬೂಷ್ಟು ಹಿಡಿಯಲು ಅಷ್ಟು ಸಾಕು. ಕೆಲವು ಬೂಷ್ಟುಗಳು ಉಂಟುಮಾಡುವ ಓಕ್ರಾಟಾಕ್ಸಿನ್ ಎಂಬ ವಿಷ ಹುರಿದರೂ ಪೂರ್ತಿ ನಾಶವಾಗದು. ಐರೋಪ್ಯ ಒಕ್ಕೂಟ ಹುರಿದ ಕಾಫಿಯಲ್ಲಿ ಇದರ ಮಿತಿಯನ್ನು 2023ರ ಜನವರಿಯಿಂದ ಕಿಲೋಗೆ 5 ಮೈಕ್ರೋಗ್ರಾಂನಿಂದ 3ಕ್ಕೆ ಇಳಿಸಿದೆ. ನಮ್ಮ ಕಾಫಿಯ ಬಹುಪಾಲು ರಫ್ತಾಗುತ್ತದೆ, ಅದರಲ್ಲಿ ಯುರೋಪಿನ ಪಾಲು ದೊಡ್ಡದು ಎಂಬುದನ್ನು ಇಲ್ಲಿ ನೆನೆಯಬೇಕು.

ತೇವವೆಲ್ಲ ಶತ್ರುವಲ್ಲ ಎಂಬುದಕ್ಕೆ ಮಂಗಳೂರೇ ಸಾಕ್ಷಿ. ಅಲ್ಲಿನ ಗೋದಾಮುಗಳಲ್ಲಿ ಮುಂಗಾರಿನ ಗಾಳಿಗೆ ಬೀಜವನ್ನು ಹರಡಿ, ತಿರುವಿ, ಉಬ್ಬಿಸಿ 'ಮಾನ್ಸೂನ್ಡ್ ಮಲಬಾರ್' ತಯಾರಿಸಲಾಗುತ್ತದೆ. ಆದರೆ ಅಲ್ಲಿ ತೇವ ನುರಿತವರ ಹತೋಟಿಯಲ್ಲಿರುತ್ತದೆ. ಜೂನ್ ಕಳೆದರೂ ಮಾರದೆ ಉಳಿದ ಚೀಲಕ್ಕೆ ಆ ಭಾಗ್ಯವಿಲ್ಲ.

ಆಗಬೇಕಾದದ್ದೇನು?

ಪರಿಹಾರ ದುಬಾರಿಯದ್ದಲ್ಲ. ಮಿತಿಯವರೆಗೆ ಒಣಗಿಸಿದ ಕಾಫಿಯನ್ನು ಸಿಪ್ಪೆಯ ಸಮೇತ ಇಡಬೇಕು. ಶುಚಿಯಾದ ಗೋಣಿಚೀಲಗಳನ್ನು ಮರದ ಹಲಗೆಗಳ ಮೇಲೆ, ಗೋಡೆಯಿಂದ ದೂರ ಜೋಡಿಸಬೇಕು. ಗೊಬ್ಬರ, ಕೀಟನಾಶಕದ ಸಹವಾಸ ಸಲ್ಲದು. ಇಷ್ಟು ಬೆಳೆಗಾರನ ಕೈಯಲ್ಲಿದೆ. ಆದರೆ ಗಾಳಿಯಾಡುವ ಕಟ್ಟಡ, ತೇವಮಾಪಕ, ದಾಸ್ತಾನಿನ ಮೇಲೆ ಸಾಲ ಅವನೊಬ್ಬನಿಂದ ಆಗದ ಕೆಲಸ. ಉಗ್ರಾಣ ರಸೀದಿಯನ್ನು ಹಣಕಾಸಿನ ಪತ್ರವಾಗಿ ಬಳಸಲು 2007ರ ಕೇಂದ್ರ ಕಾಯ್ದೆ ದಾರಿ ತೆರೆದಿದೆ. ಆ ಸೌಲಭ್ಯ ಹೋಬಳಿ ಮಟ್ಟದ ಸಹಕಾರ ಸಂಘಗಳ ಮೂಲಕ ಮಲೆನಾಡಿನ ತೋಟಗಳ ಸಮೀಪಕ್ಕೆ ಬರಬೇಕಿದೆ.

ಸಾಲದ ಕಂತಿಗಾಗಿ ಕಣದಲ್ಲೇ ಮಾರುವುದು, ಇಲ್ಲವೇ ಮನೆಯಲ್ಲಿಟ್ಟು ಕೆಡಿಸಿಕೊಳ್ಳುವುದು: ಸಣ್ಣ ಬೆಳೆಗಾರನ ಮುಂದೆ ಇವೆರಡೇ ದಾರಿಗಳಿರುವಾಗ ಮುಕ್ತ ಮಾರುಕಟ್ಟೆ ಅವನ ಪಾಲಿಗೆ ಹೆಸರಿಗಷ್ಟೇ ಮುಕ್ತ. ದರ ನಿರ್ಧಾರವಾಗುವುದು ಲಂಡನ್, ನ್ಯೂಯಾರ್ಕ್‌ಗಳಲ್ಲಿ. ಅದು ನಮ್ಮ ಹಿಡಿತದಲ್ಲಿಲ್ಲ. ಗೋದಾಮು ಕಟ್ಟುವುದಂತೂ ನಮ್ಮ ಕೈಯಲ್ಲೇ ಇದೆ.